ಇಂಗ್ಲಿಷ್ ಭಾಷಣಕ್ಕೆ ತಯಾರಿ: ಬಾಯಿಪಾಠ, ಟೋಸ್ಟ್‌ಮಾಸ್ಟರ್ಸ್ ಕ್ಲಬ್, ಮೊಬೈಲ್ ರೆಕಾರ್ಡಿಂಗ್

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಇಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿರುವ ನನ್ನ ತಮ್ಮನ ಮಗನನ್ನು ಹತ್ತು ನಿಮಿಷದ ಇಂಗ್ಲಿಷ್ ಸೆಮಿನಾರಿಗೆ ತಯಾರು ಮಾಡುವ ಹೊಣೆ ನನ್ನ ಪಾಲಿಗೆ ಬಂದಾಗ, ಮೂರು ದಾರಿಗಳನ್ನು ಒಂದಾದ ಮೇಲೊಂದರಂತೆ ಪ್ರಯೋಗಿಸಿ ನೋಡಿದೆ. ಸೌರ ಪಂಪ್‌ಸೆಟ್ ಅವನ ವಿಷಯ. ಅದರಲ್ಲಿ ಅವನ ತಿಳಿವಳಿಕೆಗೆ ಕೊರತೆ ಇರಲಿಲ್ಲ.

ಮೊದಲು ಇಡೀ ಭಾಷಣವನ್ನು ಬರೆಸಿ ಉರು ಹೊಡೆಸಿದೆ. ವ್ಯಾಕರಣ ತಪ್ಪಲಿಲ್ಲ, ಸಮಯವೂ ಸರಿಹೊಂದಿತು. ಆದರೆ ಮೋಡ ಕವಿದ ದಿನ ಪಂಪಿನ ಗತಿಯೇನು ಎಂದು ನಾನು ಬೇಕೆಂದೇ ನಡುವೆ ಕೇಳಿದ ಕೂಡಲೇ ಅವನು ತಡವರಿಸಿ, "ಮೊದಲಿಂದ ಶುರು ಮಾಡ್ಲಾ ದೊಡ್ಡಪ್ಪ?" ಎಂದ. ಆರಂಭದ ಎರಡು ವಾಕ್ಯಗಳಿಗೆ ಮಾತ್ರ ಬಾಯಿಪಾಠ ಸಾಕು.

ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೂ ಕರೆದೊಯ್ದೆ. ಸಭೆಯಲ್ಲಿ ಮಾತನಾಡುವುದನ್ನು ಸದಸ್ಯರು ಒಟ್ಟಿಗೆ ಅಭ್ಯಾಸ ಮಾಡುವ ಕೂಟ ಅದು. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ ಈ ಪದ್ಧತಿಯಲ್ಲಿ, ಆ ಗಳಿಗೆಗೆ ಸಿಕ್ಕ ವಿಷಯದ ಮೇಲೆ ಒಂದರಿಂದ ಎರಡು ನಿಮಿಷ ಮಾತನಾಡಬೇಕು. ಹಸಿರು, ಹಳದಿ, ಕೆಂಪು ಗುರುತುಗಳು ಸಮಯವನ್ನು ತಿಳಿಸುತ್ತವೆ, 'ಆ', 'ಊಂ'ಗಳನ್ನು ಎಣಿಸುವುದಕ್ಕೇ ಒಬ್ಬರು ಕುಳಿತಿರುತ್ತಾರೆ. ಸಭಾಕಂಪನ ಹೋಗಲಾಡಿಸಲು ಇದಕ್ಕಿಂತ ಒಳ್ಳೆಯ ಮದ್ದನ್ನು ನಾನು ಕಂಡಿಲ್ಲ. ಆದರೆ ಉಚ್ಚಾರಣೆಯನ್ನು ಪದ ಪದವಾಗಿ ತಿದ್ದುವುದು ಕ್ಲಬ್ಬಿನ ಕೆಲಸವಲ್ಲ.

ಅದಕ್ಕೆ ಒದಗಿದ್ದು ಮೊಬೈಲ್. ಚೀಟಿಯಲ್ಲಿ ಐದು ಅಂಶಗಳನ್ನಷ್ಟೇ ಬರೆದುಕೊಂಡು, ದಿನಕ್ಕೆ ಎರಡೆರಡು ನಿಮಿಷ ಮಾತನಾಡಿ, ಅದನ್ನು ಇಬ್ಬರೂ ಕೂತು ಕೇಳುತ್ತಿದ್ದೆವು. 'ಯೆನರ್ಜಿ', 'ಯೆಫಿಷಿಯೆನ್ಸಿ' ಎನ್ನುವ ಕನ್ನಡದ 'ಯ'ಕಾರವೇ ದೊಡ್ಡ ದೋಷವೆಂದು ನಾನು ಮೊದಲು ಭಾವಿಸಿದ್ದೆ. ನಾಲ್ಕನೆಯ ದಿನದ ಹೊತ್ತಿಗೆ ನಿಜವಾದ ತೊಡಕು ಕಿವಿಗೆ ಬಿತ್ತು. ಕನ್ನಡದಲ್ಲಿ ನಾವು ಅಕ್ಷರಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ತೂಕ ಕೊಡುತ್ತೇವೆ, ಇಂಗ್ಲಿಷಿನಲ್ಲಿ ಒಂದು ಭಾಗ ಎದ್ದು ಕೇಳಬೇಕು: 'ಎನರ್ಜಿ'ಯಲ್ಲಿ ಮೊದಲನೆಯದು, 'ಡೆವಲಪ್‌ಮೆಂಟ್'ನಲ್ಲಿ ಎರಡನೆಯದು, 'ಇಂಜಿನಿಯರ್'ನಲ್ಲಿ ಕೊನೆಯದು. ಚೀಟಿಯಲ್ಲಿ ಆ ಭಾಗಗಳ ಕೆಳಗೆ ಗೆರೆ ಎಳೆಸಿದೆ. ಇನ್ನೊಂದು ತೊಡಕು ವಾಕ್ಯದ್ದು. ಕ್ರಿಯಾಪದವನ್ನು ಕೊನೆಗೆ ಇರಿಸುವ ನಮ್ಮ ರೂಢಿಯಲ್ಲೇ ಯೋಚಿಸಿ ಅನುವಾದಿಸುವಾಗ ಅವನು ವಾಕ್ಯದ ನಡುವೆ ನಿಲ್ಲುತ್ತಿದ್ದ. ಚಿಕ್ಕ ವಾಕ್ಯ ಹೇಳಿ, ಅದು ಮುಗಿದ ಮೇಲೆ ನಿಲ್ಲುವಂತೆ ಹೇಳಿದೆ. ಮೊಬೈಲಿನ ಕೊರತೆ ಒಂದೇ: ಅದು ಎದುರಿಗೆ ಕೂತು ಮುಖ ನೋಡುವುದಿಲ್ಲ, ಹೀಗಾಗಿ ಅಂಜಿಕೆ ಹಾಗೆಯೇ ಉಳಿಯುತ್ತದೆ.

ತಿಂಗಳುಗಟ್ಟಲೆ ಸಮಯವಿದ್ದರೆ ಮೊದಲು ಮೊಬೈಲ್, ಆಮೇಲೆ ಕ್ಲಬ್ ಎನ್ನುತ್ತೇನೆ. ಒಂದೇ ವಾರವಿದ್ದರೆ ಮೊಬೈಲ್ ಮತ್ತು ಆ ಎರಡು ವಾಕ್ಯಗಳ ಬಾಯಿಪಾಠ. ಸೆಮಿನಾರಿನಲ್ಲಿ ಪ್ರಶ್ನೆ ಬಂದಾಗ ಅವನು ಒಂದು ಕ್ಷಣ ತಡೆದು, ಮೂರು ಚಿಕ್ಕ ವಾಕ್ಯಗಳಲ್ಲಿ ಉತ್ತರಿಸಿದ. 'ಯೆನರ್ಜಿ' ಈಗಲೂ 'ಯೆನರ್ಜಿ'ಯೇ. ಒತ್ತು ಸರಿಯಾದ ಕಡೆ ಬೀಳುತ್ತಿರುವುದರಿಂದ ಅದನ್ನು ತಿದ್ದಲು ನಾನು ಹೋಗಿಲ್ಲ.