ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ: ಓದುಗನೊಬ್ಬನ ಅನಿಸಿಕೆ

1991ರಲ್ಲಿ ಸ್ಥಾಪನೆಯಾದ ಹಂಪಿ ಕನ್ನಡ ವಿಶ್ವವಿದ್ಯಾಲಯದ ಅಧ್ಯಾಪಕರ ಸಂಶೋಧನೆ ಓದುಗರ ಕೈಸೇರುವುದು ಅಲ್ಲಿನ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಮೂಲಕ. ಶಾಸನ, ಜಾನಪದ, ಬುಡಕಟ್ಟು ಅಧ್ಯಯನ, ಭಾಷಾವಿಜ್ಞಾನ ಹೀಗೆ ವಿಷಯಗಳ ಹರವು ದೊಡ್ಡದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದವು ಜನಪದ ಮಹಾಕಾವ್ಯಗಳ ಸಂಪುಟಗಳು. ಸಂತ ಮಂಟೇಸ್ವಾಮಿಯ ಪರಂಪರೆಯ ಗಾಯಕರಾದ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವನ್ನು ಗ್ರಾಂಥಿಕ ಭಾಷೆಗೆ ತಿದ್ದದೆ, ಹಾಡುಗಾರರ ನುಡಿಯಲ್ಲೇ ಅಚ್ಚಿಗೆ ತಂದಿರುವುದರಿಂದ, ಪುಟ ತೆರೆದು ಗಟ್ಟಿಯಾಗಿ ಓದತೊಡಗಿದರೆ ತಂಬೂರಿಯ ಶ್ರುತಿ, ಗಗ್ಗರದ ಸದ್ದು ಜೊತೆಗೇ ಕೇಳಿಬಂದಂತಾಗುತ್ತದೆ. ನಮ್ಮೂರಿನ ಪುಸ್ತಕದಂಗಡಿಯೊಂದರಲ್ಲಿ ತಿಂಗಳುಗಟ್ಟಲೆ ಕಾದರೂ ದೊರೆಯದಿದ್ದ ಸಂಪುಟ, ವಿಶ್ವವಿದ್ಯಾಲಯದ ವಿದ್ಯಾರಣ್ಯ ಆವರಣಕ್ಕೇ ಹೋಗಿ ಕೇಳಿದಾಗ ಸಿಕ್ಕಿತು. ಸಂಶೋಧನ ವಿದ್ಯಾರ್ಥಿಗಳಷ್ಟೇ ಅಲ್ಲ, ಹಳೇ ಮೈಸೂರು ಸೀಮೆಯ ಮಾತನ್ನು ಮನೆಯಲ್ಲಿ ಆಡಿ ಬೆಳೆದ ಪ್ರತಿಯೊಬ್ಬರೂ ಇದನ್ನು ಕೊಂಡು ಓದಬೇಕೆಂದು ಮನಸಾರೆ ಶಿಫಾರಸು ಮಾಡುತ್ತೇನೆ.