ಹಣ್ಣಿನ ಬಣ್ಣ ಅಳೆಯುವ ಮೀಟರ್ ತಗೊಳ್ಳುವ ಮುಂಚೆ ಇದನ್ನು ಓದಿ

ನನಗೆ ಈ ಮೀಟರ್ ಮಾರಿದ ಮನುಷ್ಯ ಹೊಸಕೋಟೆ ಕಡೆ ಮತ್ತೆ ಡೆಮೊ ಕೊಡುತ್ತಿದ್ದಾನೆ ಅಂತ ನಿನ್ನೆ ಗೊತ್ತಾಯಿತು. ಅದಕ್ಕೇ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ನನ್ನ 42,000 ರೂಪಾಯಿ ಹೋಯಿತು.

ಕೆ.ಆರ್. ಪುರದಲ್ಲಿ ನನ್ನದೊಂದು ಚಿಕ್ಕ ಶೆಡ್. ಕೋಲಾರದಿಂದ ಟೊಮ್ಯಾಟೊ ಬರುತ್ತದೆ, 15 ಕೆಜಿ ಬಾಕ್ಸ್. ಹೋಟೆಲಿಗೆ ಪೂರ್ತಿ ಕೆಂಪು ಬೇಕು, ಅಂಗಡಿಗೆ ದೋರೆ. ಬೆಳಗ್ಗೆ ದೋರೆ ಅನ್ನಿಸಿದ್ದು ರಾತ್ರಿ ಟ್ಯೂಬ್‌ಲೈಟಿನಲ್ಲಿ ಹಣ್ಣು ಅನ್ನಿಸುತ್ತದೆ. ದಿನಾ ಜಗಳ. ಅದು ತಪ್ಪಲಿ ಅಂತ ಮೀಟರ್ ತಗೊಂಡೆ.

ಡೆಮೊ ದಿನ ಅವನು ಚೀಲದಿಂದ ಎರಡು ಟೊಮ್ಯಾಟೊ ತೆಗೆದ. ಒಂದು ಹಚ್ಚ ಹಸಿರು, ಒಂದು ಕಡು ಕೆಂಪು. ಬಣ್ಣ ಹಸಿರಿನ ಕಡೆಗಿದೆಯೋ ಕೆಂಪಿನ ಕಡೆಗಿದೆಯೋ ಅಂತ ಹೇಳುವ ‘ಎ’ ಅನ್ನೋ ಅಂಕಿ ಹಸಿರಿಗೆ ಮೈನಸ್ ಬಂತು, ಕೆಂಪಿಗೆ ಪ್ಲಸ್. 1976ರಿಂದ ಇರುವ ‘ಲ್ಯಾಬ್’ (L*a*b*) ಅನ್ನೋ ಬಣ್ಣದ ಅಳತೆಯಲ್ಲಿ ಅದು ಹಾಗೇ ಬರಬೇಕು. ನಾನು ತಲೆಯಾಡಿಸಿದೆ. ಎರಡೂ ಅವನದೇ ಹಣ್ಣು! ಹಸಿರು ಯಾವುದು ಕೆಂಪು ಯಾವುದು ಅಂತ ಹೇಳೋಕೆ ಮೀಟರ್ ಯಾಕೆ ಬೇಕು? ಅಮೆರಿಕದ ಕೃಷಿ ಇಲಾಖೆ ಟೊಮ್ಯಾಟೊ ಬಣ್ಣಕ್ಕೆ 6 ಹಂತ ಮಾಡಿದೆ. ನಮ್ಮ ತಲೆನೋವೆಲ್ಲ ಮಧ್ಯದ ನಾಲ್ಕರದ್ದು. ಅದನ್ನು ಅವನು ತೋರಿಸಲಿಲ್ಲ. ನಾನೂ ಕೇಳಲಿಲ್ಲ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಮೂರನೇ ದಿನ ಒಂದು ದೋರೆ ಟೊಮ್ಯಾಟೊಗೆ ಪೆನ್ನಲ್ಲಿ ಗುರುತು ಹಾಕಿ ಅಳೆದೆ. ಬಾಗಿಲ ಹತ್ತಿರ ‘ಎ’ 9. ಒಳಗೆ ಟ್ಯೂಬ್‌ಲೈಟ್ ಕೆಳಗೆ 17. ಅದೇ ಹಣ್ಣು, ಅದೇ ಜಾಗ!

ಫೋನ್ ಮಾಡಿದೆ. “ಹಣ್ಣು ಅಂದಮೇಲೆ ಹೆಚ್ಚು ಕಮ್ಮಿ ಇದ್ದೇ ಇರುತ್ತೆ ಸಾರ್” ಅಂದ. ಗುರುತು ಹಾಕಿದ್ದೀನಿ ಕಣ್ರೀ, ಅದೇ ಜಾಗ ಅಂದೆ. “ನಿಮ್ಮ ಶೆಡ್ ಲೈಟ್ ಸರಿ ಇಲ್ಲ ಸಾರ್.” ಲೈಟ್ ನಂಬೋಕೆ ಆಗಲ್ಲ ಅಂತಲೇ ಅಲ್ವಾ ನಾನು ಮೀಟರ್ ತಗೊಂಡಿದ್ದು!

ಪೀಣ್ಯದಲ್ಲಿ ಪೇಂಟ್ ಕೆಲಸದಲ್ಲಿರುವ ಗೆಳೆಯನಿಗೆ ತೋರಿಸಿದೆ. ನಿಜವಾದ ಕಲರಿಮೀಟರ್ ತನ್ನದೇ ಬೆಳಕು ಹಾಕುತ್ತದಂತೆ. ಅದರ ಬಾಯಿಯನ್ನು ಹಣ್ಣಿಗೆ ಒತ್ತಿ ಹಿಡಿಯಬೇಕು, ಹೊರಗಿನ ಬೆಳಕು ಒಳಗೆ ಹೋಗಬಾರದು. ಜೊತೆಗೆ ಒಂದು ಬಿಳಿ ಬಿಲ್ಲೆ ಬರುತ್ತದೆ, ಕೆಲಸ ಶುರು ಮಾಡುವ ಮುಂಚೆ ಅದರ ಮೇಲಿಟ್ಟು ಮೀಟರ್ ಸರಿ ಮಾಡಿಕೊಳ್ಳಬೇಕು. ನನ್ನದು ನಾಲ್ಕು ಬೆರಳು ದೂರ ಹಿಡಿಯುವಂಥದ್ದು. ಫೋನ್ ಕ್ಯಾಮೆರಾಗೂ ಇದಕ್ಕೂ ವ್ಯತ್ಯಾಸ ಇಲ್ಲ. ಬಿಲ್ಲೆ ಎಲ್ಲಿ ಅಂದರೆ “ಅದು ಬೇರೆ ಸಾರ್, 6,500 ಆಗುತ್ತೆ.” ದುಡ್ಡು ವಾಪಸ್ ಕೇಳಿದರೆ “ಬಾಕ್ಸ್ ಓಪನ್ ಮಾಡಿದ್ದೀರಲ್ಲ.” ಓಪನ್ ಮಾಡದೆ ಹೇಗೆ ಅಳೆಯಲಿ? ಈಗ ಫೋನೇ ಎತ್ತಲ್ಲ. ನನ್ನ ಹತ್ತಿರ ಇರುವುದು ಕೈಯಲ್ಲಿ ಬರೆದ ಚೀಟಿ, ಜಿಎಸ್‌ಟಿ ಬಿಲ್ ಅಲ್ಲ.

ತಗೊಳ್ಳುವವರು ನಿಮ್ಮ ಹಣ್ಣಲ್ಲೇ, ನಿಮ್ಮ ಶೆಡ್ಡಲ್ಲೇ ಅಳೆಸಿ. ಒಂದೇ ಜಾಗವನ್ನು ಬಿಸಿಲಲ್ಲಿ ಐದು ಸಲ, ನೆರಳಲ್ಲಿ ಐದು ಸಲ. ಬಿಳಿ ಬಿಲ್ಲೆ ಇಲ್ಲದಿದ್ದರೆ ಮಾತೇ ಬೇಡ. ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಅವನು ತನ್ನ ಚೀಲದಿಂದ ಟೊಮ್ಯಾಟೊ ತೆಗೆದರೆ ಅಲ್ಲಿಂದಲೇ ಎದ್ದು ಬನ್ನಿ.