ನಾಲ್ಕು ಪಾತಿ, ನಾಲ್ಕು ಬಗೆಯ ನೀರು: ಚಳ್ಳಕೆರೆಯ ಹಿತ್ತಲಿನಲ್ಲಿ ಒಂದು ಬೇಸಿಗೆಯ ಹೋಲಿಕೆ

ಚಳ್ಳಕೆರೆಯ ನಮ್ಮ ಮನೆಯ ಹಿತ್ತಲಿನಲ್ಲಿ ತಾತ ತೋಡಿಸಿದ ಸೇದುವ ಬಾವಿಯೊಂದಿದೆ. 1933ರ ನಂತರ ಮೊದಲ ಬಾರಿಗೆ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದ 2022ರ ಮಳೆಗಾಲದಲ್ಲಿ, ವರ್ಷಗಟ್ಟಲೆ ಒಣಗಿ ನಿಂತಿದ್ದ ಆ ಬಾವಿಯ ತಳದಲ್ಲೂ ನೀರು ಕಾಣಿಸಿಕೊಂಡಿತು. ಮರುವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗುವ ಹೊತ್ತಿಗೆ ಅದು ಮತ್ತೆ ಬತ್ತಿತ್ತು. ಮನೆ ನಡೆಯುವುದು ಕೊಳವೆಬಾವಿಯಿಂದ. 1988ರಲ್ಲಿ ಅಪ್ಪ ಕೊರೆಸಿದಾಗ 180 ಅಡಿಗೆ ಸಿಕ್ಕಿದ್ದ ನೀರು, 2016ರಲ್ಲಿ ಹೊಸದಾಗಿ ಕೊರೆಸಿದಾಗ 640 ಅಡಿಗೆ ಸಿಕ್ಕಿತು. ಅಷ್ಟು ಆಳದಿಂದ ಎತ್ತಿದ ನೀರನ್ನು ಬದನೆ ಗಿಡದ ಬುಡಕ್ಕೆ ಪೈಪು ಹಿಡಿದು ಸುರಿಯುವಾಗಲೆಲ್ಲ, ಇದರಲ್ಲಿ ಬೇರಿಗೆ ತಲುಪುವುದೆಷ್ಟು, ಬಿಸಿಲಿಗೆ ಹೋಗುವುದೆಷ್ಟು ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿತ್ತು. 2024ರ ಫೆಬ್ರವರಿಯಿಂದ ಮೇ ತಿಂಗಳವರೆಗೆ ಅದನ್ನು ಅಳತೆ ಮಾಡಿಯೇ ನೋಡಿದೆ.

ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ನಾಲ್ಕು ಪಾತಿಗಳನ್ನು ಒಂದೇ ಸಾಲಿನಲ್ಲಿ ಮಾಡಿ, ಪ್ರತಿಯೊಂದಕ್ಕೂ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ ಬೆರೆಸಿ, ನಾಲ್ಕು ಬದನೆ, ನಾಲ್ಕು ಟೊಮೆಟೊ, ನಾಲ್ಕು ಮೆಣಸಿನ ಸಸಿಗಳನ್ನು ನೆಟ್ಟೆ. ಮಣ್ಣು ನಮ್ಮ ಕಡೆಯ ಮರಳುಮಿಶ್ರಿತ ಕೆಂಪು ಮಣ್ಣು. ಮೊದಲ ಪಾತಿಗೆ ಕೈಯಲ್ಲಿ ಹಿಡಿಯುವ ಪೈಪು, ಎರಡನೆಯದಕ್ಕೆ ಸಣ್ಣ ತುಂತುರು ನಳಿಕೆ, ಮೂರನೆಯದಕ್ಕೆ ಹನಿ ನೀರಾವರಿ, ನಾಲ್ಕನೆಯದಕ್ಕೆ ನೆಲದಲ್ಲಿ ಹೂತ ಮಣ್ಣಿನ ಗಡಿಗೆ. ನಲ್ಲಿಗೆ ಒಂದು ನೀರಿನ ಮೀಟರ್ ಕೂರಿಸಿದೆ. ಗಡಿಗೆಗೆ ಮಾತ್ರ ಲೀಟರಿನ ಚೊಂಬಿನಲ್ಲಿ ಅಳೆದು ಹಾಕಿದೆ. ಎಲ್ಲಕ್ಕೂ ಒಂದೇ ನಿಯಮ: ಮರುದಿನ ಬೆಳಗ್ಗೆ ಸೈಕಲ್ಲಿನ ಕಡ್ಡಿಯೊಂದನ್ನು ಗಿಡದ ಪಕ್ಕ ಅರ್ಧ ಅಡಿ ಆಳಕ್ಕೆ ಚುಚ್ಚಿ ಎಳೆದಾಗ ತುದಿಗೆ ಹಸಿ ಮಣ್ಣು ಅಂಟಿರಬೇಕು. ಅಷ್ಟಕ್ಕೆ ಎಷ್ಟು ನೀರು ಬೇಕೋ ಅಷ್ಟು, ಅದಕ್ಕಿಂತ ಹೆಚ್ಚಿಲ್ಲ.

ತುಂತುರು ನಳಿಕೆಯ ಮಾತನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ನಮ್ಮಂಥ ಊರಿನ ತರಕಾರಿ ಪಾತಿಗೆ ಅದು ಸಲ್ಲದು ಎನ್ನುವುದು ಮೊದಲ ತಿಂಗಳಲ್ಲೇ ತಿಳಿಯಿತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಬಯಲುಸೀಮೆಯ ಗಾಳಿ ಸಣ್ಣ ಹನಿಯನ್ನು ನೆಲಕ್ಕೆ ಇಳಿಯಲು ಬಿಡುವುದಿಲ್ಲ. ಬೆಳಗ್ಗೆ ಏಳರ ನಂತರ ನಳಿಕೆ ತಿರುಗಿಸಿದರೆ ಪಾತಿಗಿಂತ ಪಕ್ಕದ ಕಾಂಪೌಂಡ್ ಗೋಡೆಯೇ ಹೆಚ್ಚು ನೆನೆಯುತ್ತಿತ್ತು. ಅದರ ಮೇಲೆ ನಮ್ಮ ಕೊಳವೆಬಾವಿಯ ನೀರು ಗಡಸು. ಎಲೆಯ ಮೇಲೆ ಬಿದ್ದ ಹನಿ ಆರಿದ ಜಾಗದಲ್ಲಿ ಬಿಳಿಯ ಚುಕ್ಕೆ ಉಳಿದು, ಮಾರ್ಚ್ ಕೊನೆಯ ವೇಳೆಗೆ ಟೊಮೆಟೊ ಎಲೆಗಳ ಅಂಚು ಸುಟ್ಟಂತಾಯಿತು. ಏಪ್ರಿಲ್ ಮೊದಲ ವಾರದಲ್ಲಿ ದಿನಕ್ಕೆ ಸರಾಸರಿ 46 ಲೀಟರ್ ನುಂಗಿದ ಈ ಪಾತಿ, ನಾಲ್ಕರಲ್ಲಿ ಅತಿ ಕಡಿಮೆ ಫಸಲು ಕೊಟ್ಟಿತು. ಹುಲ್ಲುಹಾಸಿಗೆ ಅದು ಒಗ್ಗಬಹುದು. ಆದರೆ ಚಳ್ಳಕೆರೆಯಲ್ಲಿ ಹುಲ್ಲುಹಾಸು ಬೆಳೆಸುವುದೇ ತಪ್ಪೆಂದು ನಾನು ನಂಬಿದ್ದೇನೆ.

ಪೈಪಿನ ಪಾತಿಗೆ ಅದೇ ವಾರ ದಿನಕ್ಕೆ 58 ಲೀಟರ್ ಬೇಕಾಯಿತು. ಪೈಪಿನಲ್ಲಿ ಹಾಯಿಸುವವರಿಗೆ ನೆಲ ಹೊಳೆಯುವುದು ಕಾಣುತ್ತದೆ, ಕಣ್ಣಿಗೆ ತೃಪ್ತಿಯಾಗುತ್ತದೆ. ಆದರೆ ರಭಸದಿಂದ ಬಿದ್ದ ನೀರು ಕೆಂಪು ಮಣ್ಣಿನ ನಯವಾದ ಕಣಗಳನ್ನು ಮೇಲೆಬ್ಬಿಸಿ, ಆರಿದ ಮೇಲೆ ಹಪ್ಪಳದಂಥ ಪದರವನ್ನು ಬಿಡುತ್ತದೆ, ಮರುದಿನದ ನೀರು ಆ ಪದರದ ಮೇಲೆ ಹರಿದು ಪಾತಿಯ ತಗ್ಗಿನ ಮೂಲೆ ಸೇರುತ್ತದೆ. ಐದು ಲೀಟರ್ ಸುರಿದ ಗಿಡದ ಪಕ್ಕ ಗುದ್ದಲಿಯಿಂದ ಮಣ್ಣನ್ನು ನೇರವಾಗಿ ಕಡಿದು ನೋಡಿದಾಗ, ಮೇಲಿನ ಮೂರು ಅಂಗುಲ ಕೆಸರು, ಅದರ ಕೆಳಗೆ ಪುಡಿಪುಡಿ ಒಣ ಮಣ್ಣು. ಗಿಡಕ್ಕೆ ಬೇಕಾದದ್ದು ಕೆಳಗಿನ ತೇವ. ನಾನು ಕೊಡುತ್ತಿದ್ದದ್ದು ಮೇಲಿನ ಕೆಸರು.

ಹೆಚ್ಚಾದ ನೀರು ಎಲ್ಲಿ ಹೋಗುತ್ತದೆ, ಭೂಮಿಗೇ ಇಂಗಿ ಮತ್ತೆ ಬೋರಿಗೇ ಬರುತ್ತದಲ್ಲ ಎಂದು ನೆರೆಯವರೊಬ್ಬರು ಹೇಳಿದ್ದರು. ಈ ಮಾತನ್ನು ನಂಬುವವರು ಬಹಳ ಮಂದಿ ಇರುವುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆಯ ನೆಲದಡಿಯಲ್ಲಿರುವುದು ಗಟ್ಟಿ ಕಲ್ಲು. ನೀರು ನಿಲ್ಲುವುದು ಶಿಥಿಲವಾದ ಮೇಲ್ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ. ಏಪ್ರಿಲ್ ಬಿಸಿಲಿನಲ್ಲಿ ಮೇಲಿನ ಮೂರು ಅಂಗುಲದಲ್ಲಿ ನಿಂತ ನೀರಿನ ದೊಡ್ಡ ಪಾಲು ಸಂಜೆಯೊಳಗೆ ಆವಿಯಾಗುತ್ತದೆ; ಅಷ್ಟಿಷ್ಟು ಕೆಳಗಿಳಿದರೂ 640 ಅಡಿಯ ಬಿರುಕಿಗೆ ಅದು ನಮ್ಮ ಬೇಸಿಗೆಯ ಲೆಕ್ಕಕ್ಕೆ ಸಿಗುವಂತೆ ಮರಳುವುದಿಲ್ಲ. ಎತ್ತಿದ್ದು ಖರ್ಚು ಎಂದೇ ಲೆಕ್ಕ ಹಿಡಿಯಬೇಕು.

ನಿಜವಾದ ಪೈಪೋಟಿ ಇದ್ದದ್ದು ಹನಿ ನೀರಾವರಿಗೂ ಗಡಿಗೆಗೂ ನಡುವೆ.

ಹನಿ ನೀರಾವರಿಗೆ ನಾನು ಆರಂಭದಲ್ಲಿ ನಾಲ್ಕೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆಯ ಮೇಲೆ ಇನ್ನೂರು ಲೀಟರಿನ ಡ್ರಮ್ ಇಟ್ಟು, ಅದಕ್ಕೆ ಗಿಡದ ಸಾಲಿನುದ್ದಕ್ಕೂ ಹಾಸುವ 16 ಮಿಲಿಮೀಟರಿನ ಲ್ಯಾಟರಲ್ ಪೈಪು ಜೋಡಿಸಿ, ಗಿಡಕ್ಕೊಂದರಂತೆ ಗಂಟೆಗೆ ಎರಡು ಲೀಟರಿನ ಹನಿಕಗಳನ್ನು, ಎಂದರೆ ನೀರನ್ನು ಹನಿಹನಿಯಾಗಿ ಬಿಡುವ ಸಣ್ಣ ಮೂತಿಗಳನ್ನು, ಚುಚ್ಚಿದೆ. ಎರಡೇ ವಾರದಲ್ಲಿ ತುದಿಯ ಮೆಣಸಿನ ಗಿಡಗಳು ಸೊರಗಿದವು. ಮೊದಲ ಹನಿಕದ ಕೆಳಗೊಂದು, ಕೊನೆಯದರ ಕೆಳಗೊಂದು ಲೋಟ ಇಟ್ಟು ಕಾಲು ಗಂಟೆ ಕಾದೆ. ಮೊದಲನೆಯದರಲ್ಲಿ 220 ಮಿಲಿಲೀಟರ್, ಕೊನೆಯದರಲ್ಲಿ 140. ಹನಿಕದ ಮೇಲೆ ಬರೆದಿರುವ ಲೆಕ್ಕದಂತೆ ಅಷ್ಟು ಹೊತ್ತಿನಲ್ಲಿ ಎರಡರಲ್ಲೂ ಅರ್ಧ ಲೀಟರ್ ಬೀಳಬೇಕಿತ್ತು. ಆ ಲೆಕ್ಕ ಸುಮಾರು ಹತ್ತು ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಹೇಳಿದ್ದು. ಕಟ್ಟೆಯ ಮೇಲಿನ ಡ್ರಮ್ಮಿನಿಂದ ಅದು ಸಿಗುವುದಿಲ್ಲ. ಮಾಳಿಗೆಯ ಮೇಲಿನ ಟ್ಯಾಂಕಿಗೆ ಜೋಡಿಸಿದ ಮೇಲೆ 430 ಮತ್ತು 400 ಬಂತು, ಗಿಡಗಳೂ ಚೇತರಿಸಿಕೊಂಡವು. ಹನಿ ನೀರಾವರಿ ಹಾಕಿಸಿಕೊಂಡವರು ಬೇರೇನೂ ಮಾಡದಿದ್ದರೂ ಈ ಲೋಟದ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಬೇಕು. ಗಡಸು ನೀರಿನ ಸುಣ್ಣ ಹನಿಕದ ಬಾಯಿಯಲ್ಲಿ ಕಟ್ಟಿಕೊಳ್ಳುವುದು ಕಣ್ಣಿಗೆ ಬೀಳುವುದಿಲ್ಲ, ಲೋಟದಲ್ಲಿ ಮಾತ್ರ ಗೊತ್ತಾಗುತ್ತದೆ. ಅಳಿಲುಗಳು ಪೈಪನ್ನು ಎರಡು ಕಡೆ ಕಡಿದವು. ಅದನ್ನು ಜೋಡಿಸುವುದು ಐದು ನಿಮಿಷದ ಕೆಲಸ, ಆದರೆ ನೋಡದೆ ಹೋದರೆ ಒಂದು ಬೆಳಗ್ಗೆಯಲ್ಲಿ ವಾರದ ಉಳಿತಾಯ ಹರಿದುಹೋಗುತ್ತದೆ.

ಏಪ್ರಿಲ್ ಮೊದಲ ವಾರದಲ್ಲಿ ಈ ಪಾತಿ ದಿನಕ್ಕೆ 19 ಲೀಟರಿನಲ್ಲಿ ನಿಭಾಯಿಸಿತು, ಎಂದರೆ ಪೈಪಿನ ಮೂರರಲ್ಲೊಂದು ಭಾಗ. ಫಸಲಿನಲ್ಲೂ ಇದೇ ಮುಂದು: ನಾಲ್ಕು ಬದನೆ ಗಿಡಗಳಿಂದ ಮೇ ಕೊನೆಯವರೆಗೆ ಹತ್ತೂವರೆ ಕಿಲೋ ಕಾಯಿ ಸಿಕ್ಕಿತು, ಪೈಪಿನ ಪಾತಿಯಲ್ಲಿ ಒಂಬತ್ತು.

ಗಡಿಗೆಯ ವಿಷಯದಲ್ಲಿ ನನಗೆ ಪಾಠ ಹೇಳಿದವರು ಸಂತೆಯಲ್ಲಿ ಗಡಿಗೆ ಮಾರುವ ಹಿರಿಯ ಹೆಂಗಸು. ಕೆಂಪು ಬಣ್ಣ ಹಚ್ಚಿದ ಚಂದದ ಗಡಿಗೆಗಳತ್ತ ಕೈ ಚಾಚಿದವನನ್ನು ತಡೆದು, “ಬೆವರೋ ಗಡಿಗೆನೇ ತಗೊಳ್ಳಿ ಅಣ್ಣಾ, ಬೆವರದೇ ಇರೋದು ನಿಮ್ಮ ಗಿಡಕ್ಕೆ ಆಗಲ್ಲ” ಎಂದು ಬಣ್ಣವಿಲ್ಲದ ಏಳು ಲೀಟರಿನ ಗಡಿಗೆಗಳನ್ನು ತೆಗೆದುಕೊಟ್ಟರು. ಮನೆಗೆ ತಂದು ನೀರು ತುಂಬಿಸಿ ನೆರಳಿನಲ್ಲಿಟ್ಟೆ. ಒಂದು ಗಂಟೆಯಲ್ಲಿ ಮೂರರ ಮೈ ಪೂರ್ತಿ ಕಪ್ಪಾಗಿ ತೇವಗೊಂಡಿತು. ನಾಲ್ಕನೆಯದು ಸಂಜೆಯವರೆಗೂ ಒಣಗಿಯೇ ಇತ್ತು, ಅದನ್ನು ಬದಲಿಸಿಕೊಂಡು ಬಂದೆ. ಕುತ್ತಿಗೆಯವರೆಗೆ ಹೂತು, ಪ್ರತಿ ಗಡಿಗೆಯ ಸುತ್ತ ಒಂದು ಗೇಣು ದೂರದಲ್ಲಿ ಮೂರು ಸಸಿಗಳನ್ನು ನೆಟ್ಟು, ಬಾಯಿಗೆ ಚಪ್ಪಟೆ ಕಲ್ಲು ಮುಚ್ಚಿದೆ. ಮುಚ್ಚಳವಿಲ್ಲದ ಗಡಿಗೆಯಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಈ ಒಂದು ವಿಷಯದಲ್ಲಿ ಅಜಾಗರೂಕತೆ ಸಲ್ಲದು.

ಮೊದಲ ಹದಿನೈದು ದಿನ ಸಸಿಗಳ ಬುಡಕ್ಕೆ ಚೊಂಬಿನಲ್ಲಿ ನೀರು ಕೊಡಲೇಬೇಕಾಯಿತು, ಏಕೆಂದರೆ ಎಳೆಯ ಬೇರು ಗಡಿಗೆಯ ತೇವವನ್ನು ಮುಟ್ಟಿರಲಿಲ್ಲ. ಆಮೇಲೆ ಆದದ್ದು ಬೇರೆಯೇ. ಸುತ್ತಲಿನ ಮಣ್ಣು ಒಣಗಿದಷ್ಟೂ ಗಡಿಗೆಯ ಗೋಡೆಯಿಂದ ನೀರನ್ನು ಎಳೆದುಕೊಳ್ಳುತ್ತದೆ, ತೇವವಾದಷ್ಟೂ ಎಳೆತ ಕಡಿಮೆಯಾಗುತ್ತದೆ. ಎಷ್ಟು ಕೊಡಬೇಕೆಂಬ ತೀರ್ಮಾನ ನನ್ನ ಕೈಯಲ್ಲಿರದೆ ಮಣ್ಣಿನ ಕೈಯಲ್ಲಿತ್ತು. ಭರಣಿ ಮಳೆಯ ಕೊನೆಯಲ್ಲಿ ಒಂದು ರಾತ್ರಿ ಚೆನ್ನಾಗಿ ಸುರಿದಾಗ ಇದು ಸ್ಪಷ್ಟವಾಯಿತು. ಟೈಮರಿಗೆ ಕಟ್ಟಿದ್ದ ಹನಿ ನೀರಾವರಿ ಮರುದಿನ ಬೆಳಗ್ಗೆ ತೊಪ್ಪೆಯಾದ ಮಣ್ಣಿಗೂ ಎಂದಿನಂತೆ ನೀರು ಬಿಟ್ಟಿತು. ಗಡಿಗೆಗಳಲ್ಲಿ ಕಡ್ಡಿಯಿಂದ ಗುರುತು ಹಾಕಿದ್ದ ನೀರಿನ ಮಟ್ಟ ನಾಲ್ಕು ದಿನ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು.

ನೀರಿನ ಲೆಕ್ಕದಲ್ಲಿ ಗಡಿಗೆಯನ್ನು ಮೀರಿಸಿದ್ದು ಯಾವುದೂ ಇಲ್ಲ. ಏಪ್ರಿಲ್ ಮೊದಲ ವಾರ ನಾಲ್ಕೂ ಗಡಿಗೆಗಳಿಗೆ ಸೇರಿ ದಿನಕ್ಕೆ 11 ಲೀಟರ್. ಬದನೆ ಒಂಬತ್ತೂವರೆ ಕಿಲೋ ಬಂತು. ಮೆಣಸಿನಕಾಯಿ ಹನಿ ನೀರಾವರಿಗೆ ಸಮನಾಗಿತ್ತು. ಟೊಮೆಟೊ ಮಾತ್ರ ಹಿಂದೆ ಬಿತ್ತು, ಕಾಯಿ ಕಚ್ಚುವ ದಿನಗಳಲ್ಲಿ ಅದರ ದಾಹಕ್ಕೆ ಗಡಿಗೆಯ ಬೆವರು ಸಾಲಲಿಲ್ಲ. ಜೂನ್‌ನಲ್ಲಿ ಒಂದು ಗಡಿಗೆಯನ್ನು ಅಗೆದು ತೆಗೆದಾಗ ಅದರ ಹೊಟ್ಟೆಯ ಸುತ್ತ ಬದನೆಯ ಬೇರುಗಳು ಬಿಳಿಯ ಬಲೆಯಂತೆ ಹೆಣೆದುಕೊಂಡಿದ್ದವು, ಕೈಯಿಂದ ಬಿಡಿಸಿದರೆ ಬಟ್ಟೆಯ ಹಾಗೆ ಸುಲಿದು ಬರುತ್ತಿತ್ತು. ನೀರು ಇರುವಲ್ಲಿಗೆ ಬೇರೇ ಬಂದಿತ್ತು.

ಗಡಿಗೆಗೂ ದೋಷಗಳಿವೆ. ಎರಡು ತಿಂಗಳಲ್ಲಿ ಕುತ್ತಿಗೆಯ ಮೇಲೆ ಉಪ್ಪಿನ ಪದರ ಕಟ್ಟಿ ಜಿನುಗುವುದು ನಿಧಾನವಾಯಿತು. ಹಿತ್ತಾಳೆ ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣಿನ ನೀರಿನಲ್ಲಿ ನೆನೆಸಿ ತೆಂಗಿನ ನಾರಿನಿಂದ ಉಜ್ಜಿದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ಬೇಳೆ ಬೇಯಿಸಲು ಬಾರದ ಗಡಸು ನೀರಿರುವ ಮನೆಯಲ್ಲಿ ವರ್ಷಕ್ಕೊಮ್ಮೆ ಹೊಸ ಗಡಿಗೆಯೇ ಬೇಕಾದೀತು. ನೆಲದವರೆಗೆ ಬಗ್ಗಿ ತುಂಬಿಸುವುದು ಅಮ್ಮನಂಥ ವಯಸ್ಸಾದವರಿಗೆ ಕಷ್ಟ. ಊರಿಗೆ ಹೋಗುವವರಿಗೆ ಇದು ಮೂರು ದಿನಕ್ಕಿಂತ ಹೆಚ್ಚು ಆಸರೆಯಲ್ಲ.

ಈ ನಾಲ್ಕರ ಜೊತೆಗೆ ನಾನು ನಡುವೆ ಮತ್ತೊಂದನ್ನು ಸೇರಿಸಿದೆ, ಅದರ ಪರಿಣಾಮ ನಾನು ಎಣಿಸಿದ್ದಕ್ಕಿಂತ ದೊಡ್ಡದಾಯಿತು. ನಮ್ಮದು ಎಣ್ಣೆ ಗಿರಣಿಗಳ ಊರು, ಶೇಂಗಾ ಸಿಪ್ಪೆಗೆ ಬರವಿಲ್ಲ. ಏಪ್ರಿಲ್ 16ರಂದು ನಾಲ್ಕೂ ಪಾತಿಗಳಿಗೆ ಮೂರು ಅಂಗುಲ ದಪ್ಪ ಸಿಪ್ಪೆ ಹೊದಿಸಿದೆ. ಬಿಸಿಲು ಇಳಿದಿರಲಿಲ್ಲ, ಗಿಡಗಳು ಇನ್ನೂ ದೊಡ್ಡದಾಗಿದ್ದವು. ಆದರೂ ತಿಂಗಳ ಕೊನೆಗೆ ಪೈಪಿನ ಪಾತಿ 58ರಿಂದ 37 ಲೀಟರಿಗೆ, ಹನಿಯದು 19ರಿಂದ 14ಕ್ಕೆ, ಗಡಿಗೆಯದು 11ರಿಂದ 8ಕ್ಕೆ ಇಳಿದವು. ದುಡ್ಡು ಖರ್ಚು ಮಾಡಲು ಆಗದವರು ಪೈಪನ್ನೇ ಇಟ್ಟುಕೊಂಡು ಹೊದಿಕೆ ಮಾತ್ರ ಹಾಕಿದರೂ ಮೂರರಲ್ಲೊಂದು ಪಾಲು ನೀರು ಉಳಿಯುತ್ತದೆಯೆಂಬುದು ನನ್ನ ಮಟ್ಟಿಗೆ ಈ ಬೇಸಿಗೆಯ ಮುಖ್ಯ ಫಲ. ಸಿಪ್ಪೆಯನ್ನು ಗಿಡದ ಕಾಂಡಕ್ಕೆ ತಾಗಿಸಬಾರದು, ಗೆದ್ದಲು ಹತ್ತುತ್ತದೆ. ಆಷಾಢದ ಗಾಳಿಗೆ ಅದು ಹಾರಿಹೋಗದಂತೆ ಮೇಲೆ ಒಂದಿಷ್ಟು ತೆಂಗಿನ ಗರಿ ಹಾಸಬೇಕು.

ಶುದ್ಧ ನೀರಿನ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಬಿಡಬಹುದೇ ಎಂದು ಕೇಳುವವರಿದ್ದಾರೆ. ಕರಿಬೇವಿಗೆ ನಾನು ಒಂದು ವರ್ಷ ಬಿಟ್ಟೆ. ಉಪ್ಪು ಸಾಂದ್ರಗೊಂಡ ಆ ನೀರಿನಿಂದ ಬುಡದ ಮಣ್ಣು ಬೆಳ್ಳಗಾಗಿ ಚಿಗುರು ನಿಂತಿತು. ಅದು ಈಗ ಅಂಗಳ ತೊಳೆಯಲು ಹೋಗುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು ಕರಿಬೇವಿಗೆ ಬರುತ್ತದೆ.

ಈಗ ಹಿತ್ತಲಿನಲ್ಲಿ ಬದನೆ, ಮೆಣಸು, ಹೀರೆಗೆ ಗಡಿಗೆ. ಟೊಮೆಟೊಗೂ ನುಗ್ಗೆ, ನಿಂಬೆ, ದಾಳಿಂಬೆ ಗಿಡಗಳಿಗೂ ಹನಿ ನೀರಾವರಿ, ಟೈಮರ್ ತೆಗೆದು ಕೈಯಲ್ಲೇ ತಿರುಗಿಸುವ ಗೇಟ್ ವಾಲ್ವ್. ಎರಡರ ಮೇಲೂ ಸಿಪ್ಪೆಯ ಹೊದಿಕೆ. ಪೈಪು ಸಸಿಮಡಿಗೆ ಮಾತ್ರ, ಅದೂ ರಂಧ್ರದ ಕ್ಯಾನ್ ಸಿಗದ ದಿನ. ಮಾಳಿಗೆಯ ಮಳೆನೀರನ್ನು ಜಲ್ಲಿ, ಮರಳಿನ ಗುಂಡಿಯಲ್ಲಿ ಸೋಸಿ ತಾತನ ಬಾವಿಗೆ ಇಳಿಸಿದ್ದೇವೆ. ಸೈಕಲ್ಲಿನ ಕಡ್ಡಿ ಹಿತ್ತಲ ಬಾಗಿಲ ಮೊಳೆಗೆ ತೂಗುಹಾಕಿದೆ. ಅಮ್ಮ ಈಗ ಅದನ್ನು ಚುಚ್ಚಿ ನೋಡದೆ ವಾಲ್ವ್ ತಿರುಗಿಸುವುದಿಲ್ಲ.